ಅಜ್ಜಿ ವಾಪಸ್ ಕೊಟ್ಟ ಚಾಕೊಲೇಟು

ಕೊನೆಯ ಸಾಲಿಗೆ ಬರುವಷ್ಟರಲ್ಲಿ ತಟ್ಟೆಗಳು ಮುಗಿದವು. ಲತಾ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳಗಳನ್ನು ತಂದು, ನಡುಮನೆಯ ನೆಲದ ಮೇಲೆ ಉಳಿದಿದ್ದ ಜಾಗಗಳಲ್ಲಿ ಇಡುತ್ತ ಬಂದಳು. ಎರಡೆರಡು ತಟ್ಟೆ ಸೇರಿದರೆ ಒಂದು ಬೆಂಚು, ನಡುವೆ ಓಡಾಡಲು ದಾರಿ. ಟಿ.ವಿ. ಇರುವ ಕಡೆ ಬೋರ್ಡು, ಬಾಲ್ಕನಿಯ ಕಡೆ ಹಿಂದಿನ ಬೆಂಚು.

"ಇವತ್ತೂ ಯಾರನ್ನಮ್ಮಿ ಊಟಕ್ಕೆ ಕರ್ದಿರೋದು? ಪಂಕ್ತಿ ಹಾಕ್ದಂಗೆ ಹಾಕಿದೀಯಲ್ಲ," ಎಂದರು ಅತ್ತೆ ವಿಮಲಮ್ಮ, ಮಂಡಿ ಹಿಡಿದುಕೊಂಡು ಮಣೆಯ ಮೇಲೆ ಕೂರುತ್ತ.

"ಮೂರನೇ ಕ್ಲಾಸು, ಬಿ ಸೆಕ್ಷನ್ ಅತ್ತೆ. ಅಷ್ಟೂ ಮಕ್ಕಳು ನೀವೇ."

"ಈ ವಯಸ್ಸಲ್ಲಿ ನನ್ನ ಸ್ಕೂಲ್ಗೆ ಸೇರಿಸ್ಬಿಟ್ಟೆ. ಫೀಸ್ ಯಾರು ಕಟ್ತಾರೆ, ನಿನ್ನ ಗಂಡ ಮೋಹನನಾ?"

ಲತಾಳ ಮಗ ಲಿಖಿತ್ ನಗಲಿಲ್ಲ. ಚಾಕೊಲೇಟು ತುಂಬಿದ ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದು ಟಿ.ವಿ.ಯ ಮುಂದೆ ನಿಂತಿದ್ದ. ನಾಳೆ ಅವನ ಹುಟ್ಟುಹಬ್ಬ. ಅವನ ಶಾಲೆಯಲ್ಲಿ ಹುಟ್ಟುಹಬ್ಬದ ಮಗು ಯೂನಿಫಾರಂ ಬಿಟ್ಟು ಕಲರ್ ಡ್ರೆಸ್ ಹಾಕಿಕೊಂಡು ಬಂದು, ಬೆಂಚಿಂದ ಬೆಂಚಿಗೆ ಹೋಗಿ ಎಲ್ಲರಿಗೂ ಚಾಕೊಲೇಟು ಕೊಡಬೇಕು. ಬೇರೆ ಮಕ್ಕಳಿಗೆ ಅದು ಹೇಳಿಕೊಡುವ ವಿಷಯವೇ ಅಲ್ಲ. ಲಿಖಿತ್‌ಗೆ ಲತಾ ಎಲ್ಲವನ್ನೂ ಹೀಗೆ ಮನೆಯಲ್ಲಿ ಕಟ್ಟಿ ತೋರಿಸಿ ಕಲಿಸಿದ್ದಳು: ಪ್ರಾರ್ಥನೆಗೆ ಸಾಲು ನಿಲ್ಲುವುದು, ಪ್ರೆಸೆಂಟ್ ಮಿಸ್ ಅನ್ನುವುದು, ಊಟದ ಡಬ್ಬಿ ತೆಗೆಯುವುದು. ಒಮ್ಮೆ ಕಲಿತರೆ ಅವನು ಮರೆಯುತ್ತಿರಲಿಲ್ಲ.

"ಶುರು ಮಾಡು ಲಿಖಿ."

ಅವನು ಮೊದಲ ತಟ್ಟೆಯ ಮುಂದೆ ನಿಂತು ಒಂದು ಚಾಕೊಲೇಟು ತೆಗೆದು ಚಾಚಿದ. ವಿಮಲಮ್ಮ ತೆಗೆದುಕೊಂಡು, "ಹ್ಯಾಪಿ ಬರ್ತ್‌ಡೇ ಕಣಪ್ಪ, ಥ್ಯಾಂಕ್ಯೂ," ಎಂದು ರಾಗವಾಗಿ ಹೇಳಿದರು. ಮರುಕ್ಷಣ, "ನಂಗೆ ಶುಗರ್ರು, ನೀನೇ ಇಟ್ಕೊ ಮಗ," ಎಂದು ಅದನ್ನು ಡಬ್ಬಿಗೆ ಹಾಕಿದರು. ಲಿಖಿತ್ ಎರಡನೆಯ ತಟ್ಟೆಗೆ ಹೋದ. ವಿಮಲಮ್ಮ ಮಣೆ ಸಮೇತ ಜರುಗಿದರು. ವಿಜಯನಗರದ ಅಂಗಡಿಯಿಂದ ತಂದ ಚಾಕೊಲೇಟು ನಾಳೆಗೆ ಕಡಿಮೆಯಾಗಬಾರದಲ್ಲ, ಅದೇ ಸರಿ ಎಂದುಕೊಂಡಳು ಲತಾ. ಒಂದು ವಾರದಿಂದ ಪ್ರತಿ ಸಂಜೆ ಇದೇ ನಡೆದಿತ್ತು. ಕೊನೆಯ ಮುಚ್ಚಳದವರೆಗೂ ಅವನು ಒಮ್ಮೆಯೂ ತಪ್ಪಲಿಲ್ಲ.

ಹೋದ ವರ್ಷ ಅವನ ಕೈ ಹಿಡಿದು ತಾನೇ ಹಂಚಿದ್ದಳು. ಮಕ್ಕಳು ಅವಳ ಮುಖ ನೋಡಿ ಚಾಕೊಲೇಟು ತೆಗೆದುಕೊಂಡಿದ್ದರು. ಲಿಖಿತ್ ಉದ್ದಕ್ಕೂ ಫ್ಯಾನು ನೋಡುತ್ತಿದ್ದ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಹ್ಯಾಪಿ ಬರ್ತ್‌ಡೇ ಆಂಟಿ," ಅಂದಿದ್ದ. ಇಡೀ ತರಗತಿ ನಕ್ಕಿತ್ತು. ಅವಳೂ ನಕ್ಕಿದ್ದಳು. ಸ್ಕೂಟರಿನಲ್ಲಿ ಮಾಗಡಿ ರಸ್ತೆ ದಾಟಿ ಅನ್ನಪೂರ್ಣೇಶ್ವರಿ ನಗರದ ಮನೆ ತಲುಪುವವರೆಗೆ ಆ ನಗು ಮುಖದ ಮೇಲೆ ಹಾಗೇ ಇತ್ತು, ತೆಗೆಯಲು ಮರೆತ ಬಿಂದಿಯ ಹಾಗೆ.

ಬಸವೇಶ್ವರನಗರದ ಈ ಶಾಲೆಗೆ ಸೇರಿಸಿದ ಮೇಲೆ ಕಾರಿಡಾರಿನಲ್ಲಿ ಅವಳಿಗೊಂದು ಕುರ್ಚಿ ಸಿಕ್ಕಿತ್ತು. ಮೊದಲಿನ ಶಾಲೆಯವರು ದಿನಾ ಫೋನ್ ಮಾಡಿ ಕರೆದುಕೊಂಡು ಹೋಗಿ ಎನ್ನುತ್ತಿದ್ದರು. ಇವರು, ಬೇಕಾದರೆ ಇಲ್ಲೇ ಕೂತಿರಿ ಅಂದರು. ಲ್ಯಾಬಿನ ರಿಸೆಪ್ಷನ್ ಕೆಲಸ ಬಿಟ್ಟು ಬಂದು ಕೂತಳು. ಪ್ಲಾಸ್ಟಿಕ್ ಕುರ್ಚಿಗೆ ಮನೆಯಿಂದ ಒಂದು ದಿಂಬು ತಂದುಕೊಂಡಳು. ಕಿಟಕಿಯ ಪಕ್ಕದಲ್ಲಿದ್ದುದರಿಂದ ಲಿಖಿತ್‌ಗೆ ಅವಳು, ಅವಳಿಗೆ ಲಿಖಿತ್ ಕಾಣುತ್ತಿದ್ದರು.

ಈ ವರ್ಷ ಬಂದ ಶಿಲ್ಪಾ ಮಿಸ್ ಗದಗದ ಕಡೆಯವರು. ಬೋರ್ಡಿನ ಮೂಲೆಯಲ್ಲಿ ಆ ದಿನದ ಪಾಠಗಳನ್ನು ಚಿತ್ರ ಮಾಡಿ ಅಂಟಿಸುತ್ತಿದ್ದರು. ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಲಿಖಿತ್‌ನ ಮೇಜು ಮೆಲ್ಲಗೆ ತಟ್ಟಿ ತಿಳಿಸುತ್ತಿದ್ದರು. ಅವನು ತಾನೇ ಕಿವಿ ಮುಚ್ಚಿಕೊಂಡು, ಗಂಟೆ ನಿಂತ ಮೇಲೆ ತಾನೇ ತೆಗೆಯುತ್ತಿದ್ದ. ಈಗ ಅವನು ಓಡಿಹೋಗುತ್ತಿರಲಿಲ್ಲ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ. ಆ ಮಿಸ್ಸೇ ಕಳೆದ ತಿಂಗಳು ಲತಾಳ ಪಕ್ಕ ಬಂದು ನಿಂತು ಹೇಳಿದ್ದರು:

"ಬೇಜಾರು ಮಾಡ್ಕೋಬ್ಯಾಡ್ರಿ ಮೇಡಂ. ನಾ ಪ್ರಶ್ನೆ ಕೇಳಿದ್ರ ಅಂವ ನನ್ನ ನೋಡಂಗಿಲ್ಲ. ಕಿಟಕಿ ನೋಡ್ತಾನ. ನೀವು ತಲಿ ಆಡಿಸಿದ ಮ್ಯಾಲೆ ಉತ್ತರ ಹೇಳ್ತಾನ. ಕುರ್ಚಿ ಬಿಟ್ಟು ನೋಡೋಣೇನ್ರಿ? ಏನರ ಆದ್ರ ನಾ ಫೋನ್ ಮಾಡ್ತೀನಿ."

ಫೋನ್ ಎಂಬ ಶಬ್ದಕ್ಕೇ ಲತಾಳಿಗೆ ಮೊದಲಿನ ಶಾಲೆ ನೆನಪಾಗಿತ್ತು. "ಬರ್ತ್‌ಡೇ ಆಗ್ಲಿ ಮಿಸ್," ಅಂದಿದ್ದಳು. "ಅದನ್ನ ಅವನೊಬ್ಬನೇ ಮಾಡ್ಬಿಟ್ರೆ ನಾನು ಬರೋದು ನಿಲ್ಲಿಸ್ತೀನಿ. ಇಲ್ದಿದ್ರೆ ಈ ವರ್ಷ ಪೂರ್ತಿ ಇಲ್ಲೇ ಇರ್ತೀನಿ."

ಮಾರನೆಯ ದಿನ ಬೆಳಿಗ್ಗೆ ಲಿಖಿತ್ ಹೊಸ ಶರ್ಟನ್ನು ಮುಟ್ಟಲಿಲ್ಲ. "ಗುರುವಾರ ಯೂನಿಫಾರಂ," ಅಂದ. ವಿಮಲಮ್ಮ ಮುದ್ದು ಮಾಡಿ, ಹೆದರಿಸಿ, ಕೊನೆಗೆ ಶರ್ಟನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು ಕೂತರು. ಹೋಗಲಿ ಬಿಡಿ ಅತ್ತೆ, ಅಂದಳು ಲತಾ. ಅವನು ಯೂನಿಫಾರಂನಲ್ಲೇ ಹೊರಟ.

ತರಗತಿಯಲ್ಲಿ ಹುಟ್ಟುಹಬ್ಬದ ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಲತಾ ಕುರ್ಚಿ ಬಿಟ್ಟು ಬಾಗಿಲ ಮಗ್ಗುಲಲ್ಲಿ ನಿಂತಿದ್ದಳು. ಒಳಗಿಂದ ಲಿಖಿತ್‌ಗೆ ಕಾಣಬಾರದು ಎಂಬುದು ಮಿಸ್ಸಿನ ಷರತ್ತು. ಅವನು ಡಬ್ಬಿ ಹಿಡಿದು ಮೊದಲ ಬೆಂಚಿಗೆ ಬಂದ. ಅಲ್ಲಿ ಕೂತಿದ್ದ ಅಭಿಗೆ ಚಾಕೊಲೇಟು ಚಾಚಿದ. "ಹ್ಯಾಪಿ ಬರ್ತ್‌ಡೇ ಲಿಖಿತ್, ಥ್ಯಾಂಕ್ಯೂ," ಅಂದ ಅಭಿ. ಲತಾ ಉಸಿರು ಬಿಟ್ಟಳು.

ಅಭಿ ಕಾಗದ ಬಿಚ್ಚಿ ಚಾಕೊಲೇಟನ್ನು ಬಾಯಿಗೆ ಹಾಕಿಕೊಂಡ.

ಲಿಖಿತ್ ಮುಂದೆ ಹೋಗಲಿಲ್ಲ. ಡಬ್ಬಿಯನ್ನು ಅಭಿಯ ಮುಂದೆ ಹಿಡಿದೇ ನಿಂತ.

"ಏನೋ? ಇನ್ನೊಂದು ತಗೊಳ್ಳಾ?" ಅಭಿ ಕೈ ಹಾಕಿದ. ಲಿಖಿತ್ ಡಬ್ಬಿ ಹಿಂದಕ್ಕೆಳೆದು, ಮತ್ತೆ ಮುಂದಕ್ಕೆ ಹಿಡಿದ. ಅಭಿ ಪೆಚ್ಚಾದ. "ಮಿಸ್, ಇವ್ನು ಕೊಡ್ತಾನೂ ಇಲ್ಲ, ಹೋಗ್ತಾನೂ ಇಲ್ಲ!"

ಲತಾಳಿಗೆ ಆಗ ಹೊಳೆಯಿತು. ಅಜ್ಜಿ ವಾಪಸ್ ಕೊಡುತ್ತಿದ್ದರು. ಒಂದು ವಾರ, ಪ್ರತಿ ತಟ್ಟೆಯಲ್ಲೂ, ಅಜ್ಜಿ ವಾಪಸ್ ಕೊಟ್ಟಿದ್ದರು. ಚಾಕೊಲೇಟು ಡಬ್ಬಿಗೆ ಮರಳಿದ ಮೇಲೆ ಮುಂದಿನ ಬೆಂಚು. ಲಿಖಿತ್ ಕಲಿತದ್ದು ಅಷ್ಟು. ಅವನು ತಪ್ಪಿರಲಿಲ್ಲ. ತಾನು ಪಕ್ಕದಲ್ಲೇ ನಿಂತು ನೋಡುತ್ತ, ಭೇಷ್ ಭೇಷ್ ಎಂದಿದ್ದೆನಲ್ಲ!

ಅವನ ಗಂಟಲಿನಿಂದ ಸಣ್ಣ ಗುಂಯ್‌ಗುಡುವ ಸದ್ದು ಶುರುವಾಯಿತು. ಅದು ಏರಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಕಿಟಕಿಯ ಕಡೆ ತಿರುಗಿದ. ಕುರ್ಚಿಯ ಮೇಲೆ ದಿಂಬು ಮಾತ್ರ ಇತ್ತು. ಲತಾಳ ಕಾಲು ಹೊಸ್ತಿಲ ಒಳಗೆ ಬಂದೇಬಿಟ್ಟಿತು. ಒಳಗೆ ಹೋಗಿ ಭುಜ ಹಿಡಿದು ಮುಂದಿನ ಬೆಂಚಿಗೆ ತಿರುಗಿಸಿದರೆ ಮುಗಿಯಿತು. ಶಿಲ್ಪಾ ಮಿಸ್ ಅವಳತ್ತ ನೋಡಿದರು. ಬೇಡ ಎಂದು ತಲೆಯಾಡಿಸಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಅವರ ಮುಖದಲ್ಲೂ ಭಯವಿತ್ತು.

ಲಿಖಿತ್ ಕಿಟಕಿಯಿಂದ ಕಣ್ಣು ಕಿತ್ತು ತನ್ನ ಬೆಂಚಿನ ಕಡೆ ನೋಡಿದ. ಅಲ್ಲಿ ಕವನಾ ಇದ್ದಳು, ದಿನಾ ಅವನ ಪಕ್ಕ ಕೂರುವ ಹುಡುಗಿ. ಕ್ಲಾಸಿನಲ್ಲಿ ಎಲ್ಲರ ಮೇಲೂ ಜೋರು ಮಾಡುವವಳು.

ಕವನಾ ಎದ್ದು ಬಂದಳು. "ಲೋ ಅಭಿ, ವಾಪಸ್ ಹಾಕೋ. ಅವ್ನು ಕೇಳ್ತಾ ಇದಾನೆ, ಕಾಣ್ಸಲ್ವಾ?"

"ತಿಂದ್ಬಿಟ್ಟೆ ಕಣೇ!" ಅಭಿ ನಾಲಿಗೆ ಚಾಚಿ ತೋರಿಸಿದ. ಎಲ್ಲರೂ ಹೋ ಎಂದು ನಕ್ಕರು.

"ಥೂ, ಹೊಟ್ಟೆಬಾಕ. ಕೈಯಲ್ಲೇನದು? ಅದನ್ನಾದ್ರೂ ಹಾಕು."

ಅಭಿಯ ಮುಷ್ಟಿಯಲ್ಲಿದ್ದ ಮುದ್ದೆಯಾದ ಕಾಗದವನ್ನು ಅವಳೇ ಕಿತ್ತುಕೊಂಡು ಡಬ್ಬಿಗೆ ಹಾಕಿದಳು. ಲಿಖಿತ್ ಅದನ್ನು ನೋಡಿದ. ಹೊರಗೆ ತೆಗೆದು, ಹೊಟ್ಟೆಯ ಮೇಲೆ ಒತ್ತಿ ಸುಕ್ಕು ಬಿಡಿಸಿದ. ಸದ್ದು ಇನ್ನೂ ನಿಂತಿರಲಿಲ್ಲ. ಲತಾ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಅವನು ಕಾಗದವನ್ನು ಮತ್ತೆ ಡಬ್ಬಿಯಲ್ಲಿಟ್ಟ. ಅಭಿಯ ಪಕ್ಕದ ಹುಡುಗನಿಗೆ ಚಾಕೊಲೇಟು ಚಾಚಿದ.

"ಎಲ್ರೂ ಕೇಳ್ರೋ," ಕವನಾ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು, "ಇವತ್ತು ಇಲ್ಲೇ ತಿನ್ಬೇಕು! ತಿಂದು ಕವರು ಡಬ್ಬಿಗೆ ಹಾಕ್ಬೇಕು! ಅಲ್ವಾ ಮಿಸ್?"

ಕ್ಲಾಸಿನೊಳಗೆ ತಿನ್ನುವುದು ಆ ಶಾಲೆಯಲ್ಲಿ ನಿಷಿದ್ಧ. ಶಿಲ್ಪಾ ಮಿಸ್ ಬಾಗಿಲ ಕಡೆ ಒಮ್ಮೆ, ಮಕ್ಕಳ ಕಡೆ ಒಮ್ಮೆ ನೋಡಿ, "ಹೂಂ, ಇವತ್ತೊಂದಿನ. ಲಗೂ ತಿನ್ರಿ," ಅಂದರು.

ಬೆಂಚಿಂದ ಬೆಂಚಿಗೆ ಲಿಖಿತ್ ಹೋದ. ಕೊಟ್ಟ, ಕಾದ, ಕಾಗದ ಪಡೆದ, ಸುಕ್ಕು ಬಿಡಿಸಿ ಇಟ್ಟ. ಅವಸರವಿಲ್ಲ. ಮಕ್ಕಳೂ ಅವನ ವೇಗಕ್ಕೆ ಒಗ್ಗಿಕೊಂಡು ಸರದಿ ಕಾಯುತ್ತಿದ್ದರು. ತನ್ನ ಸರದಿಗೆ ಮುಂಚೆ ಕಾಗದ ಹಾಕಲು ಹೋದ ಒಬ್ಬನ ಕೈಗೆ ಕವನಾಳ ಏಟು ಬಿತ್ತು. ಲಿಖಿತ್ ಹಿಂದಿನ ಬೆಂಚು ಮುಟ್ಟುವ ಹೊತ್ತಿಗೆ ಗುಂಯ್‌ಗುಟ್ಟುವ ಸದ್ದು ನಿಂತಿತ್ತು; ಯಾವಾಗ ನಿಂತಿತೆಂದು ಲತಾಳಿಗೆ ತಿಳಿಯಲಿಲ್ಲ.

ಅವನು ಮತ್ತೆ ಕಿಟಕಿಯ ಕಡೆ ನೋಡಲಿಲ್ಲ. ಅದನ್ನೂ ಅವಳು ಗಮನಿಸಿದಳು. ನೋಡಲಿ ಎಂದು ಒಂದು ಗಳಿಗೆ ಆಸೆಯಾದದ್ದನ್ನೂ.

ಊಟದ ಬಿಡುವಿನಲ್ಲಿ ಕವನಾ ಕಾರಿಡಾರಿನ ನಲ್ಲಿಯ ಹತ್ತಿರ ಸಿಕ್ಕಳು.

"ಅವನಿಗೆ ಅದೇ ಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತು ಪುಟ್ಟಿ?"

"ಗೊತ್ತಾಗ್ಲಿಲ್ಲ ಆಂಟಿ," ಕವನಾ ಬಾಯಿ ಒರೆಸಿಕೊಂಡಳು. "ಡಬ್ಬಿ ಹಿಡ್ಕೊಂಡಿದ್ನಲ್ಲ. ಏನಾದ್ರೂ ಹಾಕ್ಬೇಕಿತ್ತು, ಹಾಕ್ದೆ." ಆಮೇಲೆ ಸ್ವಲ್ಪ ಯೋಚಿಸಿ, "ಅವ್ನು ನನ್ನ ಸ್ಕೇಲ್ ತಗೊಂಡ್ರೂ ಹಂಗೇ, ಬೆಂಚಿನ ಕೆಳಗೆ ಅವನ ಪೆನ್ಸಿಲ್ ಹಿಡ್ಕೊಂಡಿರ್ತಾನೆ, ನಾನು ಇಸ್ಕೊಳ್ಳೋವರ್ಗೂ," ಅಂದು ಓಡಿಹೋದಳು.

ಸ್ಕೇಲಿನ ವಿಷಯ ಲತಾಳಿಗೆ ಗೊತ್ತೇ ಇರಲಿಲ್ಲ. ಕಿಟಕಿಯಿಂದ ಬೆಂಚಿನ ಕೆಳಗೆ ಕಾಣುತ್ತಿರಲಿಲ್ಲ. ತಾನು ಹೇಳಿಕೊಡದ ಏನೋ ಒಂದು ಅಲ್ಲಿ ನಡೆಯುತ್ತಿತ್ತು, ಎಷ್ಟು ದಿನಗಳಿಂದಲೋ.

ಸಂಜೆ ಹೊರಡುವಾಗ ಶಿಲ್ಪಾ ಮಿಸ್ ಮೆಟ್ಟಿಲ ಹತ್ತಿರ ನಿಂತಿದ್ದರು. "ಅಂವ ಒಬ್ಬನ ಮಾಡಿದಂಗ ಆತೋ, ಇಲ್ಲೋ? ನೀವ ಹೇಳ್ರಿ," ಎಂದು ನಕ್ಕರು.

"ಕವನಾ ಬಂದ್ಲಲ್ಲ ಮಿಸ್. ಒಬ್ಬನೇ ಅಂತ ಹೇಗೆ ಹೇಳಲಿ?"

ಮಿಸ್ ಒತ್ತಾಯ ಮಾಡಲಿಲ್ಲ. ಲತಾ ದಿಂಬನ್ನು ಚೀಲಕ್ಕೆ ತುಂಬಿಕೊಂಡು ಕೆಳಗಿಳಿದಳು.

ಮನೆಯಲ್ಲಿ ವಿಮಲಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಲಿಖಿತ್ ಡಬ್ಬಿಯನ್ನು ಅವರ ಕೈಗೆ ಕೊಟ್ಟು ಒಳಗೆ ನಡೆದ. ಅವರು ಮುಚ್ಚಳ ತೆಗೆದು ನೋಡಿದರು. ಬಣ್ಣಬಣ್ಣದ ಕಾಗದಗಳು ಒಂದರ ಮೇಲೊಂದು ನೀಟಾಗಿ ಕೂತಿದ್ದವು.

"ಇದೇನಮ್ಮಿ, ಸ್ಕೂಲಿನ ಕಸಾನೆಲ್ಲಾ ಹೊತ್ಕೊಂಡು ಬಂದವ್ನೆ? ಸರಿಯಾಗಿ ಹಂಚಿದ್ನಾ?"

"ಥೇಟ್ ನಾವು ಕಲಿಸಿದ ಹಾಗೇ ಮಾಡ್ದ ಅತ್ತೆ."

"ನೋಡ್ದಾ! ನಾನ್ ಹೇಳ್ಲಿಲ್ವಾ?" ವಿಮಲಮ್ಮನ ಮುಖ ಅರಳಿತು. "ನವೆಂಬರಲ್ಲಿ ಸ್ಕೂಲ್ ಡ್ಯಾನ್ಸ್ ಐತಲ್ಲ, ಅದುಕ್ಕೂ ಈಗಿಂದ್ಲೇ ತಟ್ಟೆ ಹಾಕೋಣ ಬಿಡು."

ಲತಾ ನಗುತ್ತ ಬಟ್ಟೆ ಒಗೆಯುವ ಕಲ್ಲಿನ ಕಡೆ ಹೋದಳು. ದಿಂಬಿನ ಕವಚ ಕಳಚಿ ನೀರಿಗೆ ಹಾಕಿದಳು. ಕುರ್ಚಿಯ ಅಂಚು ತಾಗಿ ತಾಗಿ ಒಂದು ಕಡೆ ಮಾಸಿ ತೆಳ್ಳಗಾಗಿತ್ತು. ಶಾಲೆಯ ಕಾರಿಡಾರಿನಲ್ಲಿ ಮಗನ ಬಗ್ಗೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯ ಗೇಟಿನಲ್ಲಿ ಕೇಳುವವರಿದ್ದರು. ಕಾರಿಡಾರಿನಲ್ಲಿ ಕುರ್ಚಿ, ದಿಂಬು, ಕಿಟಕಿ ಅಷ್ಟೆ. ತಾನು ಅಲ್ಲಿರುವುದಕ್ಕೆ ಎಲ್ಲರೂ ಒಪ್ಪುವ ಕಾರಣ ಒಂದಿತ್ತು. ನಾಳೆ ಬೆಳಿಗ್ಗೆ ಶಾಲೆಯ ಗೇಟಿನಿಂದ ಹಿಂತಿರುಗಿದ ಮೇಲೆ ಸ್ಕೂಟರನ್ನು ಯಾವ ಕಡೆ ತಿರುಗಿಸುವುದೆಂದು ಅವಳಿಗೆ ತಿಳಿದಿರಲಿಲ್ಲ.

"ಸಾಯಂಕಾಲ ಒಗ್ದಿದೀಯ, ನಾಳೆಗೆ ಒಣಗಲ್ಲ ಕಣಮ್ಮಿ," ಒಳಗಿನಿಂದ ಅತ್ತೆ ಕೂಗಿದರು. "ಯಾತ್ರ ಮೇಲೆ ಕೂತ್ಕೊತೀಯ?"

"ನೋಡೋಣ ಬಿಡಿ ಅತ್ತೆ."

ಬದಲಾವಣೆ ಏನೇ ಇದ್ದರೂ ಲಿಖಿತ್‌ಗೆ ಮುಂಚೆ ಹೇಳಬೇಕು; ಇವತ್ತು ಕಿಟಕಿಯಲ್ಲಿ ಅಮ್ಮ ಇರುವುದಿಲ್ಲ ಎಂದು ಬೆಳಿಗ್ಗೆ ಅವನು ಹಾಲು ಕುಡಿಯುವಾಗ ಅವನಿಗೊಬ್ಬನಿಗೇ ಹೇಳಿದರಾಯಿತು. ಅತ್ತೆಗೆ ಬೇಡ, ಅವರು ಅದಕ್ಕೂ ತಟ್ಟೆ ಜೋಡಿಸಿಯಾರು. ಮೋಹನನಿಗೆ, ಮಿಸ್‌ಗೆ ಕೂಡ ಬೇಡ. ಅವಳು ಕವಚವನ್ನು ಹಿಂಡಿ, ಕೊಡವಿ, ತಂತಿಯ ತೀರಾ ತುದಿಯಲ್ಲಿ, ಬಿಸಿಲು ತಡವಾಗಿ ಬರುವ ಕಡೆ, ಹರವಿದಳು.