ಮಸ್ಕಿಗೆ ಹೋಗುವವಳ ಅಳು

ಸಿಂಧನೂರಿನ ಆ ಶಾಲೆಯಲ್ಲಿ ಊಟದ ಬಿಡುವು ಎಂದರೆ ದೀಪಾ ಮತ್ತು ತಮನ್ನಾ ಟೀಚರ್ ಇಬ್ಬರೂ ಪರದೇಶಕ್ಕೆ ಹೋಗಿಬರುವ ಹೊತ್ತು. ಬುತ್ತಿ ಬಿಚ್ಚಿ, ಫೋನನ್ನು ನೀರಿನ ಬಾಟಲಿಗೆ ಆನಿಸಿ ನಿಲ್ಲಿಸಿ, ದೂರದ ವಿಶ್ವವಿದ್ಯಾಲಯವೊಂದು ಪುಕ್ಕಟೆ ನಡೆಸುವ ಆನ್‌ಲೈನ್ ಪಾಠ ಕೇಳುತ್ತಿದ್ದರು. ಲೋಕದ ಮೂಲನಿವಾಸಿಗಳು, ಅವರ ಭಾಷೆ, ಪದ್ಧತಿ, ಅವರನ್ನು ನಮ್ಮೊಳಗೆ ಕೂಡಿಸಿಕೊಳ್ಳುವುದು ಹೇಗೆ ಎಂಬುದು ಪಾಠದ ವಿಷಯ. ಗಣಿತ ಕಲಿಸುವ ತಮನ್ನಾ ಸರ್ಟಿಫಿಕೇಟಿನ ಆಸೆಗೆ ಸೇರಿದ್ದಳು. ಲಂಬಾಣಿ ತಾಂಡಾದಿಂದ ಬಂದ ದೀಪಾ ಯಾಕೆ ಸೇರಿದ್ದಳೋ ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ.

ಒಂದು ದಿನ ಹಿಮದ ನಾಡಿನ ಹೆಣ್ಣುಮಗಳೊಬ್ಬಳು ಪಾಠ ಮಾಡಿದಳು. ತಮ್ಮ ಜನರಲ್ಲಿ ಪ್ರತಿ ಹಾಡಿಗೂ ಒಡೆಯರಿರುತ್ತಾರೆ, ಒಬ್ಬರ ಹಾಡನ್ನು ಇನ್ನೊಬ್ಬರು ಕೇಳದೆ ಎತ್ತಿಕೊಳ್ಳುವಂತಿಲ್ಲ ಎಂದಳು. ಪಾಠದ ಕೊನೆಗೆ ಪ್ರಶ್ನೆಗಳು ಬಂದವು. ದೀಪಾ ಪಟಪಟನೆ ಸರಿಯುತ್ತರ ಒತ್ತಿ ಪೂರ್ತಿ ಅಂಕ ತೆಗೆದುಕೊಂಡಳು. ಅಂಕ ಬಂದ ಮೇಲೆ ಪಾಠ ಮರೆಯುವುದು ಮಕ್ಕಳ ರೋಗ ಅಂದುಕೊಂಡಿದ್ದೇವೆ, ಟೀಚರುಗಳಿಗೂ ಅದು ಬಿಟ್ಟಿದ್ದಲ್ಲ.

ಆಮೇಲೆ ಮನೆಗೆಲಸ ಕೊಟ್ಟರು. ನಿಮ್ಮ ಸಮುದಾಯದ ಒಂದು ಪದ್ಧತಿಯನ್ನು ಹಿರಿಯರಿಂದ ಕಲಿತು, ಕಲಿತದ್ದನ್ನು ಬರೆದು ಕಳಿಸಿ.

"ನಿಂಗೇನ್ ಬೇ, ಸಸಾರ. ಮುಂದಿನ ತಿಂಗಳ ಮದುವಿ ಐತಿ, ಪದ್ಧತಿ ರಗಡ ಸಿಗ್ತಾವ," ಎಂದಳು ತಮನ್ನಾ.

"ನಮ್ಮಲ್ಲಿ ಹೊಂಟ ಮದುಮಗಳು ಎಲ್ಲಾರ ಕೊಳ್ಳಿಗೆ ಬಿದ್ದು ಹಾಡ್ಕೊಂತ ಅಳಬೇಕು. ಢಾವ್ಲೋ ಅಂತಾರ. ನಮ್ಮ ದಾದಿಗೆ ಅದು ಆಗಬೇಕಂತ."

"ಎಲ್ಲಿಗೆ ಹೊಂಟೀಯವ್ವಾ ಅಷ್ಟು ಅಳಾಕ?"

"ಮಸ್ಕಿಗೆ."

ತಮನ್ನಾ ಅನ್ನ ನೆತ್ತಿಗೇರುವಷ್ಟು ನಕ್ಕಳು. ಮಸ್ಕಿ ಎಂದರೆ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ನಡುವೆ ನಿಲ್ಲುವ ಊರು. ದೀಪಾಳ ಗಂಡನಾಗುವ ಶಿವರಾಜ ಅಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದ. ಈಗ ಸಿಂಧನೂರಿನಲ್ಲೇ ಕೋಣೆ ಮಾಡಿಕೊಂಡಿದ್ದ ದೀಪಾ ಮದುವೆಯಾದ ಮೇಲೂ ಇದೇ ಶಾಲೆಗೆ, ಆ ಬಸ್ಸಿನಲ್ಲಿ ಬರುವವಳು. ಅಳುವುದಕ್ಕೆ ಕಾರಣವೇನೂ ಕಾಣುತ್ತಿರಲಿಲ್ಲ.

ಆದರೆ ದಾದಿಗೆ ಅದು ಬೇಕಾಗಿತ್ತು. ದಾದಿ ಎಂದರೆ ದೀಪಾಳ ತಂದೆಯ ತಾಯಿ, ಸೋಮ್ಲಿಬಾಯಿ. ಅಪ್ಪ ಅವ್ವ ವರ್ಷವರ್ಷ ಕಬ್ಬು ಕಡಿಯಲು ಹೋಗುತ್ತಿದ್ದಾಗ, ಲಿಂಗಸುಗೂರಿನ ಆಚೆಯ ತಾಂಡಾದಲ್ಲಿ ದೀಪಾಳನ್ನು ಸಾಕಿದ ಮುದುಕಿ. ಮೈಮೇಲೆ ಕನ್ನಡಿ ಹೊಲಿದ ಕಾಂಚಳಿ ಕುಪ್ಪಸ, ಕೆಂಪು ಫೇಟಿಯಾ ಲಂಗ, ಅಂಚಿಗೆ ಗೆಜ್ಜೆ. ತಾಂಡಾದಲ್ಲಿ ಅಂಥ ಉಡುಗೆ ಇನ್ನೂ ಬಿಡದವರಲ್ಲಿ ಆಕೆಯೇ ಹಿರಿಯಳು. ಆಕೆ ಎಲ್ಲಿದ್ದಾಳೆಂದು ಕೂಗಿ ಕೇಳಬೇಕಾಗಿರಲಿಲ್ಲ, ಸಪ್ಪಳವೇ ಹೇಳುತ್ತಿತ್ತು. ಈಚೆಗೆ ತಾಂಡಾದ ಹುಡುಗಿಯರೆಲ್ಲ ಡಿಜೆ ಹಚ್ಚಿಸಿಕೊಂಡು ಕುಣಿಯುತ್ತ ಕಾರು ಹತ್ತಿದ್ದರು. ತನ್ನ ಮೊಮ್ಮಗಳಾದರೂ ತನ್ನ ಕೊರಳಿಗೆ ಬಿದ್ದು, ತನ್ನ ಮಾತಿನಲ್ಲಿ ಅತ್ತು ಹೋಗಲಿ ಎಂಬುದು ಮುದುಕಿಯ ಜೀವದ ಆಸೆ.

ತೊಡಕು ಇದ್ದದ್ದು ಆ ಮಾತಿನಲ್ಲೇ. ದೀಪಾ ಐದನೆಯ ತರಗತಿಗೆ ಲಿಂಗಸುಗೂರಿನ ಹಾಸ್ಟೆಲ್ ಸೇರಿದಾಗ ಬಾಯಲ್ಲಿ ಬರೀ ಲಂಬಾಣಿಗರ ಮಾತು, ಗೋರ್‌ಬೋಲಿ ಇತ್ತು. ಉಳಿದ ಮಕ್ಕಳು ಅದನ್ನು ಅಣಕಿಸಿ ಅಣಕಿಸಿ ಅವಳ ಬಾಯಿ ಮುಚ್ಚಿಸಿದರು. ಮತ್ತೆ ಬಾಯಿ ತೆರೆದಾಗ ಕನ್ನಡ ಬಂತು. ಅಂದಿನಿಂದ ಅಜ್ಜಿ ಗೋರ್‌ಬೋಲಿಯಲ್ಲಿ ಕೇಳುವುದು, ಮೊಮ್ಮಗಳು ಕನ್ನಡದಲ್ಲಿ ಉತ್ತರ ಕೊಡುವುದು ಮನೆಯ ರೂಢಿಯಾಯಿತು. ಈ ಕತೆಯಲ್ಲಿ ಇಬ್ಬರ ಮಾತನ್ನೂ ಕನ್ನಡದಲ್ಲೇ ಹೇಳಬೇಕಾಗಿದೆ, ನಡುವೆ ಆ ಗೋಡೆ ಇತ್ತೆಂದು ಓದುವವರು ನೆನಪಿಟ್ಟುಕೊಳ್ಳಬೇಕು.

ದಾದಿಯ ಮುಂದೆ ಕೂತು ತೊದಲುತ್ತ ಕಲಿಯಲು ದೀಪಾಳಿಗೆ ನಾಚಿಕೆಯಾಯಿತು. ಟೀಚರು ಬೇರೆ. ಅದಕ್ಕೆ ಒಂದು ಉಪಾಯ ಮಾಡಿದಳು. ಫೋನಿನಲ್ಲಿ ಹುಡುಕಿದರೆ ಯಾವುದೋ ತಾಂಡಾದ ಮದುಮಗಳು ಢಾವ್ಲೋ ಹೇಳಿ ಅಳುವ ವಿಡಿಯೋ ಸಿಕ್ಕಿತು. ಹುಡುಗಿಯ ದನಿ ಎಂಥ ಕಲ್ಲನ್ನೂ ಕರಗಿಸುವಂತಿತ್ತು. ದೀಪಾ ಅದನ್ನು ಸಾಲುಸಾಲಾಗಿ ಬಾಯಿಪಾಠ ಮಾಡತೊಡಗಿದಳು.

ಊರಿಗೆ ಹೋಗಿಬರುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕಲಿಯುವಾಗ ಕಣ್ಣೀರು ತಾನಾಗಿಯೇ ಇಳಿಯುತ್ತಿತ್ತು. ಒಂದು ಸಲ ಮಸ್ಕಿ ದಾಟಿದ ಮೇಲೆ ಪಕ್ಕದ ಸೀಟಿನ ಹೆಂಗಸು ತನ್ನ ನೀರಿನ ಬಾಟಲಿ ಚಾಚಿ, "ಯಾರ್ ಹೋದ್ರು ಯವ್ವಾ?" ಎಂದು ಕೇಳಿದಳು.

"ಯಾರೂ ಹೋಗಿಲ್ರೀ. ನಾನ ಹೋಗಾಕಿ, ಮುಂದಿನ ತಿಂಗಳ," ಎಂದಳು ದೀಪಾ. ಹೆಂಗಸು ಬಾಟಲಿ ಹಿಂದಕ್ಕೆ ತೆಗೆದುಕೊಂಡು ಕಿಟಕಿಯ ಕಡೆ ಸರಿದು ಕೂತಳು.

ಮದುವೆಗೆ ಇನ್ನೂ ಸ್ವಲ್ಪ ದಿನ ಇರುವಾಗ, ಒಂದು ಭಾನುವಾರ ದೀಪಾ ತಾಂಡಾಕ್ಕೆ ಬಂದಳು. ದಾದಿ ಅಂಗಳದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ದೀಪಾ ನೆಟ್ಟಗೆ ಹೋಗಿ ಆಕೆಯ ಕೊರಳಿಗೆ ಬಿದ್ದು, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹಾಡಿ ಅತ್ತಳು. ಒಂದು ಸಾಲೂ ತಪ್ಪಲಿಲ್ಲ. ಹಾಡಿನೊಳಗೆ ಎತ್ತು ಹೂಡಿಕೊಂಡು ಕರೆಯಲು ಬರುವ ಅಣ್ಣ ಬಂದ, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ ಬಂತು, ಮಜ್ಜಿಗೆ ಕಡೆಯುತ್ತ ಹಾಡುವ ಅವ್ವ ಬಂದಳು.

ದಾದಿ ಮೊದಲು ಬೆರಗಾದಳು. ಆಮೇಲೆ ಮೊಮ್ಮಗಳ ಬೆನ್ನು ಸವರುತ್ತ ಪೂರ್ತಿ ಕೇಳಿದಳು. ಮುಗಿದ ಮೇಲೆ ತಲೆಯ ಮೇಲೆ ಹೊದ್ದ ಛಾಂಟಿಯಾದ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

"ಪಾಪ, ಛಲೋ ಅತ್ತಾಳ," ಎಂದಳು. "ಯಾವ ತಾಂಡಾದಾಕಿ?"

"ಯಾರು?"

"ಈ ಹುಡುಗಿ. ಅಣ್ಣನ ಮ್ಯಾಲ ಭಾಳ ಜೀವ ಇತ್ತು ನೋಡು ಆಕೀಗಿ. ಸುಖವಾಗಿ ಅದಾಳೇನು ಗಂಡನ ಮನ್ಯಾಗ?"

ದೀಪಾಳಿಗೆ ಅಣ್ಣನೇ ಇರಲಿಲ್ಲ. ಮನೆಯಲ್ಲಿ ಮಜ್ಜಿಗೆ ಕಡೆದದ್ದನ್ನು ಅವಳು ಕಂಡಿರಲಿಲ್ಲ, ಅವ್ವ ವರ್ಷದ ಅರ್ಧ ಕಬ್ಬಿನ ಗದ್ದೆಯಲ್ಲಿರುತ್ತಿದ್ದಳು. ಹಿಮದ ನಾಡಿನ ಹೆಣ್ಣುಮಗಳು ಹೇಳಿದ್ದು, ತಾನು ಪೂರ್ತಿ ಅಂಕ ತೆಗೆದುಕೊಂಡದ್ದು ಆಗ ನೆನಪಾಯಿತು.

"ಅದು ಆಕಿ ಅಳು. ಆಕೀದು ಆಕಿಗೇ ಇರ್ಲಿ," ಎಂದಳು ದಾದಿ. "ಢಾವ್ಲೋಕ ಯಾರೂ ಮಾತು ಕೊಡಂಗಿಲ್ಲ ಮಗಾ. ರಾಗ ಅಷ್ಟ ನಮ್ಮದು. ಯಾರ ಕೊಳ್ಳಾಗ ಬೀಳ್ತೀಯೋ ಅವರನ್ನ ಮೊದ್ಲು ಕರಿ. ಅವರು ನಿನಗೇನು ಮಾಡ್ಯಾರ, ಅದನ್ನ ಹೇಳು. ಇನ್ನ ಮ್ಯಾಲ ಅದನ್ನ ನನಗ ಯಾರು ಮಾಡ್ತಾರ ಅಂತ ಕೇಳು. ಮುಗೀತು. ಮಾತು ನಿನ್ನವು ಇರಬೇಕು."

"ನಂಗ ನಮ್ಮ ಮಾತು ಸರಿಯಾಗಿ ಬರಂಗಿಲ್ಲ, ದಾದಿ. ತಾಂಡಾ ನಗ್ತೈತಿ."

"ನಗಲಿ. ನನ್ನ ಕನ್ನಡಕ್ಕ ಲಿಂಗಸುಗೂರು ಬಜಾರ ನಕ್ಕಿಲ್ಲೇನು?"

ದಾದಿ ಮತ್ತೆ ಬೇಳೆಗೆ ಕೈ ಹಾಕಿದಳು. ತಲೆ ಎತ್ತದೆಯೇ ಕೇಳಿದಳು.

"ಮದುವಿಗೆ ನಿಮ್ಮ ಸಾಲ್ಯಾಗಿನವರೆಲ್ಲಾ ಬರ್ತಾರಂತ. ನಾ ಏನು ಉಟ್ಕೊಳ್ಳಿ? ಹುಸೇನ್‌ಬೀ ಕಡೆ ಸೀರಿ ಇಸ್ಕೊಂಡು ಬರ್ಲೇನು, ಮೊದ್ಲಿನಂಗ?"

ಮೊದಲಿನಂತೆ ಎಂದರೆ ಏನು ಎಂದು ದೀಪಾ ಕೇಳುವ ಮೊದಲೇ ತಿಳಿದುಹೋಯಿತು. ಹಾಸ್ಟೆಲ್ಲಿನ ಗೇಟಿಗೆ ಪ್ರತಿ ವಾರ ಬುತ್ತಿ ಹಿಡಿದು ಬರುತ್ತಿದ್ದ ದಾದಿಯ ಮೈಮೇಲೆ ಒಂದು ನೀಲಿ ನೂಲಿನ ಸೀರೆ ಇರುತ್ತಿತ್ತು. ಪೇಟೆಗೆ ಬರುವಾಗ ದಾದಿ ಹಾಗೆ ಉಡುತ್ತಾಳೆ ಅಂತಲೇ ದೀಪಾ ಇಷ್ಟು ವರ್ಷ ತಿಳಿದಿದ್ದಳು. ಅದು ಪಕ್ಕದ ಊರಿನ ಹುಸೇನ್‌ಬೀಯ ಸೀರೆ. ಮೊಮ್ಮಗಳನ್ನು ಯಾರೂ ಲಂಬಾಣೇರಾಕಿ ಎಂದು ಅಣಕಿಸದಿರಲಿ ಎಂದು, ತನ್ನ ಉಡುಗೆಯ ರೀತಿ ಎಂದೂ ಬಿಡದ ಮುದುಕಿ ವಾರವಾರ ಇನ್ನೊಬ್ಬರ ಮನೆಗೆ ಹೋಗಿ ಸೀರೆ ಬೇಡಿ ಉಟ್ಟು ಬರುತ್ತಿದ್ದಳು. ಗೆಜ್ಜೆಯ ಸಪ್ಪಳವಿಲ್ಲದೆ ಬರುತ್ತಿದ್ದಳು.

ಬೇಡ ದಾದಿ, ನಿನ್ನದೇ ಹಾಕಿಕೋ ಎನ್ನಬೇಕಿತ್ತು. ಅಷ್ಟರಲ್ಲಿ ಅಪ್ಪ ಪೆಂಡಾಲಿನವನನ್ನು ಕರೆದುಕೊಂಡು ಬಂದ, ಆಮೇಲೆ ಬಸ್ಸಿನ ಹೊತ್ತಾಯಿತು. ನಾಳೆ ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡಳು. ಅಂಥ ಮಾತು ಫೋನಿನಲ್ಲಿ ಬರುವುದಿಲ್ಲ. ನಾಳೆ ನಾಳೆ ಎನ್ನುತ್ತ ಮದುವೆಯ ದಿನವೇ ಬಂತು.

ತಾಂಡಾದಲ್ಲೇ ಪೆಂಡಾಲು ಹಾಕಿದ್ದರು. ಸಿಂಧನೂರಿನಿಂದ ಶಾಲೆಯವರು ಒಂದು ಟೆಂಪೋ ತುಂಬ ಬಂದಿದ್ದರು. ಅಕ್ಷತೆ ಬಿದ್ದು, ಊಟ ಮುಗಿದು, ಮಸ್ಕಿಗೆ ಹೋಗುವ ಕಾರು ಹೂವು ಏರಿಸಿಕೊಂಡು ಬಂದು ನಿಂತಿತು. ಜನರ ಹಿಂದಿನಿಂದ ದಾದಿ ಬಂದಳು. ಸಪ್ಪಳವಿಲ್ಲದೆ ಬಂದಳು. ಮೈಮೇಲೆ ನೀಲಿ ಸೀರೆ ಇತ್ತು.

ಉತ್ತರ ಸಿಗದಿದ್ದಾಗ ಮುದುಕಿ ತಾನೇ ಉತ್ತರ ಹುಡುಕಿಕೊಂಡಿದ್ದಳು.

ದೀಪಾ ಹೋಗಿ ದಾದಿಯ ಕೊರಳಿಗೆ ಬಿದ್ದಳು. ಏನು ಹಾಡಬೇಕೆಂದು ಯೋಚಿಸಲಿಲ್ಲ. ದಾದೀ ಎಂದು ಮೊದಲು ಕರೆದಳು. ಆ ಕರೆಗೆ ರಾಗ ತಾನಾಗಿ ಕೂಡಿಕೊಂಡಿತು. ಹಿಂದೆ ಬಂದ ಮಾತುಗಳು ಗೋರ್‌ಬೋಲಿಯವು, ಅಲ್ಲಲ್ಲಿ ಮುರಿದವು, ಮುರಿದ ಕಡೆ ಕನ್ನಡದ ತೇಪೆ ಹಾಕಿದವು. ದಾದೀ, ನನಗಾಗಿ ಇನ್ನೊಬ್ಬರ ಸೀರೆ ಉಟ್ಟವಳೇ, ಹಾಸ್ಟೆಲಿನ ಗೇಟಿಗೆ ಗೆಜ್ಜೆ ಬಿಚ್ಚಿಟ್ಟು ಬಂದವಳೇ, ನೀನು ಕೇಳಿದ ಮಾತಿಗೆ ನಾನು ನಿನ್ನ ಮಾತಿನಲ್ಲಿ ಉತ್ತರ ಕೊಡಲಿಲ್ಲವಲ್ಲೇ, ನನ್ನನ್ನು ಕಾಯುವುದಕ್ಕೆ ನಿನ್ನನ್ನೇ ಬಚ್ಚಿಟ್ಟೆಯಲ್ಲೇ, ಇನ್ನು ಮೇಲೆ ನನಗಾಗಿ ಅಷ್ಟು ಯಾರು ಮಾಡುತ್ತಾರೆ.

ಹರೆಯದವರು ಯಾರೋ ಕಿಸಕ್ಕನೆ ನಕ್ಕರು. ಹಿರಿಯ ಹೆಂಗಸರು ಅವರ ಕಡೆ ತಿರುಗಿ ನೋಡಿದ್ದೇ ತಡ, ನಗೆ ನಿಂತುಹೋಯಿತು. ಒಂದಕ್ಷರವೂ ತಿಳಿಯದ ತಮನ್ನಾ ಕರ್ಚೀಫು ಹುಡುಕತೊಡಗಿದಳು.

ಅಳುವವಳಿಗೆ ಹಿರಿಯಳು ಅಳುತ್ತಲೇ ಉತ್ತರ ಕೊಡಬೇಕು, ಅದು ಪದ್ಧತಿ. ಸೋಮ್ಲಿಬಾಯಿ ಮೊಮ್ಮಗಳ ತಲೆ ಹಿಡಿದು, ಸಣ್ಣ ದನಿಯಲ್ಲಿ ರಾಗ ಎತ್ತಿದಳು. ಮಗಳೇ, ನಿನ್ನ ನೋಡಬೇಕೆನಿಸಿದಾಗ ನಾನು ಮಸ್ಕಿಯ ಬಸ್ಸು ಹತ್ತುತ್ತೇನೆ, ನಿನ್ನ ಅತ್ತೆಯ ಬಾಗಿಲಿಗೆ ಬರುತ್ತೇನೆ, ಆ ಬಾಗಿಲಿಗೆ ನಾನು ಏನು ಉಟ್ಟು ಬರಲಿ.

ದೀಪಾ ಕೊರಳಿನಿಂದ ಮುಖ ಎತ್ತಿದಳು. ಎಲ್ಲರಿಗೂ ಕೇಳುವಂತೆ, ರಾಗವಿಲ್ಲದೆ, ಒಂದೂ ಕನ್ನಡದ ಮಾತು ಬೆರೆಸದೆ ಗೋರ್‌ಬೋಲಿಯಲ್ಲಿ ಹೇಳಿದಳು. ನಿನ್ನದೇ ಫೇಟಿಯಾ ಉಟ್ಟು ಬಾ. ಈಗಲೇ ಹೋಗಿ ಉಟ್ಟು ಬಾ. ಅಲ್ಲಿಯವರೆಗೆ ನಾನು ಕಾರು ಹತ್ತುವುದಿಲ್ಲ.

ದಾದಿ ಸೀರೆಯ ನಿರಿಗೆ ಎತ್ತಿಕೊಂಡು, ಆ ವಯಸ್ಸಿಗೆ ತಕ್ಕುದಲ್ಲದ ಬಿರುಸಿನಿಂದ ಮನೆಯ ಕಡೆ ಹೊರಟಳು.

ಡ್ರೈವರ್ ಹಾರ್ನ್ ಹೊಡೆದ. ಶಿವರಾಜನೂ ಲಂಬಾಣಿಯೇ, ಅವನಿಗೆ ಎಲ್ಲ ತಿಳಿದಿತ್ತು. "ತಡಿಯೋ, ನಮ್ಮ ದಾದಿ ಬರಾಕತ್ತಾಳ," ಎಂದು ಕಾರಿನ ಕಿಟಕಿಯೊಳಗೆ ಕೈ ಹಾಕಿ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

ತಮನ್ನಾ ಪಕ್ಕಕ್ಕೆ ಬಂದು, "ಏನಂದಿ ಬೇ ಕಡೀಕ? ಯಾಕ ಎಲ್ಲಾರೂ ನಿಂತಾರ?" ಎಂದು ಪಿಸುಗುಟ್ಟಿದಳು. ದೀಪಾ ಅವಳ ಕೈ ಹಿಡಿದುಕೊಂಡು ದಾದಿ ಹೋದ ಕಡೆ ತೋರಿಸಿದಳು. ಮನೆಗಳ ಸಾಲಿನ ಆಚೆ, ತಿರುವಿನಲ್ಲಿ ಇನ್ನೂ ಯಾರೂ ಕಾಣುತ್ತಿರಲಿಲ್ಲ. ಗೆಜ್ಜೆಯ ಸಪ್ಪಳ ಮಾತ್ರ ಕೇಳತೊಡಗಿತ್ತು.