ಮಡುವಿನಲ್ಲಿ ಮೀನಿಲ್ಲ

ಮಡುವಿನಕೊಪ್ಪಲಿನ ಸಣ್ಣಬೀರಯ್ಯ ತನ್ನ ಅರವತ್ತು ವರ್ಷದಲ್ಲಿ ಸುಳ್ಳು ಹೇಳಿದ್ದು ಒಂದೇ ವಿಷಯಕ್ಕೆ. ಆ ಒಂದನ್ನು ಮಾತ್ರ ಎಷ್ಟು ಸೊಗಸಾಗಿ ಹೇಳುತ್ತಿದ್ದನೆಂದರೆ, ಕೇಳಿದವರು ನಂಬುವುದಲ್ಲದೆ ಅವನ ಕೈಗೊಂದು ಬೀಡಿಯನ್ನೂ ಕೊಟ್ಟು ಹೋಗುತ್ತಿದ್ದರು.

"ಮೀನಾ? ಈ ಮಡುವ್ನಲ್ಲಾ? ಕಪ್ಪೆ ಅವೆ ಸ್ವಾಮಿ, ಬೇಕಾದ್ರೆ ಇಡ್ಕೊಳ್ಳಿ" ಎನ್ನುತ್ತಿದ್ದ.

ಮಿರ್ಲೆಯಿಂದ ಎರಡು ಗಾವುದ ಆಚೆ ಕಾವೇರಿ ಒಂದು ದೊಡ್ಡ ಬಂಡೆಗೆ ಎದೆ ಕೊಟ್ಟು ತಿರುಗುವ ಕಡೆ ಆ ಮಡು ಇತ್ತು. ಎಂಥ ಬೇಸಿಗೆಯಲ್ಲೂ ನೀರು ಆಳಿನೆತ್ತರಕ್ಕಿಂತ ಕೆಳಗಿಳಿದದ್ದಿಲ್ಲ. ದಂಡೆಯಲ್ಲಿ ಮಡುವಿನಮ್ಮನ ಗುಡಿ. ಗುಡಿ ಎಂದರೆ ಮೂರು ಚಪ್ಪಡಿ, ಒಂದು ಕಲ್ಲು, ಅರಿಶಿನ ಕುಂಕುಮ. ಅಮ್ಮನ ಮಕ್ಕಳು ನೀರೊಳಗಿದ್ದರು: ಬೆನ್ನು ಗೂನಾಗಿ, ರೆಕ್ಕೆ ಬಾಲವೆಲ್ಲ ಕಿತ್ತಳೆ ಬಣ್ಣಕ್ಕಿದ್ದ ಬಿಳಿಮೀನುಗಳು. ಮೂವತ್ತೋ ನಲವತ್ತೋ ಇದ್ದವು. ದೊಡ್ಡವುಗಳ ಒಂದೊಂದು ಹುರುಪೆ ಅಂಗೈಯಗಲ. ದಿನಾ ಬೆಳಿಗ್ಗೆ ಸಣ್ಣಬೀರಯ್ಯ ಮೊಣಕಾಲುದ್ದ ನೀರಿಗಿಳಿದು, ಹಿಡಿ ಹಿಡಿ ಪುರಿ ಎರಚಿ, "ಬನ್ರವ್ವಾ" ಅಂದರೆ ಸಾಕು, ಅವು ಬಂದು ಅವನ ಕಾಲು ಸವರಿಕೊಂಡು ತಿನ್ನುತ್ತಿದ್ದವು. ಆತನಿಗೆ ಮಕ್ಕಳಿರಲಿಲ್ಲ. ಇದನ್ನು ಎತ್ತಿ ಆಡಿದವರಿಗೆ ಅವನ ಹೆಂಡತಿ ಸಿದ್ದಲಿಂಗಮ್ಮ ಮಡುವಿನ ಕಡೆ ಕೈ ತೋರಿಸುತ್ತಿದ್ದಳು.

ಪರವೂರಿನವರ ಮುಂದೆ ಮೀನಿನ ಮಾತೆತ್ತಬಾರದು ಎಂಬುದು ಕೊಪ್ಪಲಿನ ಕಟ್ಟಳೆ. ಸಣ್ಣಬೀರಯ್ಯನ ತಾತನ ಕಾಲದಲ್ಲಿ ಸೇತುವೆ ಕೆಲಸದ ಗುತ್ತಿಗೆದಾರನೊಬ್ಬ ಬಂದು, ನಗುನಗುತ್ತಾ ಕೂತು, "ಮೀನಿದ್ರೆ ಹೇಳಿ, ಸರ್ಕಾರದಿಂದ ಕಾವಲು ಹಾಕಿಸ್ತೀನಿ" ಅಂದಿದ್ದನಂತೆ. ತಾತ ಹೇಳಿದ. ಮುಂದಿನ ಭಾನುವಾರ ಆ ಮಹಾನುಭಾವ ಸಿಡಿಮದ್ದು ತಂದು ಮಡುವಿಗೆ ಹಾಕಿ, ಗಾಡಿ ತುಂಬಾ ಮೀನು ಹೇರಿಕೊಂಡು ಹೋದ. ಉಳಿದ ಏಳೆಂಟರಿಂದ ಮತ್ತೆ ಸಂತಾನ ಬೆಳೆಯಲು ಎರಡು ತಲೆಮಾರು ಹಿಡಿಯಿತು.

ಅಂದಿನಿಂದ ಊರು ಬಾಯಿಗೆ ಬೀಗ ಹಾಕಿಕೊಂಡಿತು. ತಾತ ಅಷ್ಟಕ್ಕೇ ಬಿಡದೆ ಮೀನಿಗೂ ಪಾಠ ಕಲಿಸಿದ. ಹೊಸಬರು ದಾರಿಯಲ್ಲಿ ಕಂಡ ಕೂಡಲೇ, ತುದಿಗೆ ಕಬ್ಬಿಣದ ಬಳೆ ಹಾಕಿದ ಕೋಲಿನಿಂದ ಬಂಡೆಯನ್ನು ಮೂರು ಸಲ ಕುಟ್ಟುವುದು, ಹಿಂದೆಯೇ ನೀರಿಗೆ ನಾಲ್ಕು ಕಲ್ಲು ಬೀರುವುದು. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ, ಕಲ್ಲು ಬೀರುವ ಅಗತ್ಯವೇ ಇಲ್ಲದಾಯಿತು. ಕುಟ್ಟಿದ ಸದ್ದು ಬಂಡೆಯೊಳಗೆ ಇಳಿದರೆ ಮೀನುಗಳೆಲ್ಲ ತಳದ ಪೊಟರೆಗೆ ನುಗ್ಗಿ, ಆ ದಿನವೆಲ್ಲ ಮೇಲೆ ಬರುತ್ತಿರಲಿಲ್ಲ. ಆ ಕೋಲು ಈಗ ಸಣ್ಣಬೀರಯ್ಯನ ಕೈಯಲ್ಲಿತ್ತು. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು.

ತೊಂಬತ್ತೆಂಟರ ಮಾಘದಲ್ಲಿ ಜೀಪೊಂದು ಬಂತು. ಇಳಿದವಳು ಪ್ರಮೀಳಾ, ಮೈಸೂರಿನವಳು, ಮೀನಿನ ಬಗ್ಗೆ ಓದಿದವಳು. ಸಣ್ಣಬೀರಯ್ಯ ಆಗಲೇ ಕೋಲು ಕುಟ್ಟಿಯಾಗಿತ್ತು.

ನದಿಯಾಚೆಯ ಬೋರೆಗುಡ್ಡದ ಮೇಲೆ ಅಣು ವಿದ್ಯುತ್ ಸ್ಥಾವರ ಕಟ್ಟುವ ಯೋಚನೆಯಿತ್ತು. ಕಟ್ಟುವ ಮೊದಲು ನೀರಿನಲ್ಲಿ ಯಾವ ಯಾವ ಜೀವವಿದೆಯೆಂದು ಪಟ್ಟಿ ಮಾಡುವುದು ಪ್ರಮೀಳಾಳ ಕೆಲಸ. ಅವಳು ನಾಲ್ಕು ದಿನ ಕೊಪ್ಪಲಿನಲ್ಲೇ ಉಳಿದಳು. ನಾಲ್ಕು ದಿನವೂ ಅವಳು ಏಳುವ ಮುಂಚೆಯೇ ಸಣ್ಣಬೀರಯ್ಯ ಬಂಡೆಗೆ ಕೋಲು ಕುಟ್ಟಿ ಬರುತ್ತಿದ್ದ. ಸಿದ್ದಲಿಂಗಮ್ಮ ಇಕ್ಕಿದ ಮುದ್ದೆ ಉಂಡಳು. ಮಡುವಿನ ಮೇಲೆ, ಕೆಳಗೆ ಬಲೆ ಬಿಟ್ಟು ಸಣ್ಣಪುಟ್ಟ ಮೀನು ಹಿಡಿದು, ಅಳೆದು, ಬರೆದುಕೊಂಡು ಮತ್ತೆ ನೀರಿಗೇ ಬಿಟ್ಟಳು. ಮಡುವಿಗೂ ಬಲೆ ಹಾಕಬೇಕೆಂದಾಗ ಸಣ್ಣಬೀರಯ್ಯ, "ಅಮ್ಮನ ಮಡು ತಾಯಿ, ಬಲೆ ಬೀಳಂಗಿಲ್ಲ" ಎಂದ. ಅವಳು ಚಪ್ಪಲಿ ಬಿಟ್ಟು ಗುಡಿಗೆ ಕೈ ಮುಗಿದು, ಬಲೆ ಸುತ್ತಿಟ್ಟಳು. ಆಕೆ ಸ್ವಲ್ಪ ಕಡಿಮೆ ಒಳ್ಳೆಯವಳಾಗಿದ್ದಿದ್ದರೆ ಮೀನುಗಳು ಉಳಿಯುತ್ತಿದ್ದವು.

ಕೊನೆಯ ದಿನ ಬಂಡೆಯ ಮೇಲೆ ಕೂತು ಬಿಡಿಸಿ ಹೇಳಿದಳು.

"ಯಜಮಾನ್ರೇ, ಸ್ಥಾವರದ ಯಂತ್ರ ವಿಪರೀತ ಕಾಯುತ್ತೆ. ಅದನ್ನ ತಣ್ಣಗೆ ಮಾಡೋಕೆ ನೀರು ಬೇಕು. ನೀರೆತ್ತೋ ಬಾವೀನ ಇಲ್ಲೇ, ಈ ಮಡುವಿನಲ್ಲೇ ತೋಡಬೇಕು ಅಂತಿದಾರೆ. ಕಿತ್ತಳೆ ರೆಕ್ಕೆಯ ಬಿಳಿಮೀನು ಈ ಹೊಳೆ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದು ಇಲ್ಲಿದೆ ಅಂತ ನಾನು ಬರೆದ್ರೆ ಬಾವೀನ ಮೂರು ಮೈಲಿ ಕೆಳಗೆ ತಗೊಂಡು ಹೋಗಲೇಬೇಕು. ನಿಮ್ಮ ಮನೆತನ ಇಲ್ಲಿ ಎಷ್ಟೋ ಕಾಲದಿಂದ ಪೂಜೆ ಮಾಡ್ತಿದೆ. ಒಂದು ಸಲವಾದ್ರೂ ನೋಡಿದೀರಾ?"

"ಇಲ್ಲ ತಾಯಿ."

ಆಗಲೇ ಮಡುವಿನ ನಡುವೆ ದುಡುಂ ಎಂದು ಸದ್ದಾಯಿತು. ಯಾವುದೋ ಮರಿಗೆ ಪಾಠ ಸರಿಯಾಗಿ ಬಂದಿರಲಿಲ್ಲ. ಪ್ರಮೀಳಾ ಧಡಕ್ಕನೆ ಎದ್ದು ನಿಂತಳು.

"ಏನದು?"

"ಐಕ್ಳು ಆ ದಡದಿಂದ ಕಲ್ಲೊಡೀತವೆ ಕಣವ್ವ."

ಆ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಅತ್ತ ನೋಡಿದಳು, ಇವನ ಮುಖ ನೋಡಿದಳು.

"ಯಜಮಾನ್ರೇ, ದಯವಿಟ್ಟು. ಇದೆ ಅಂದ್ರೆ ಅವು ಉಳೀತವೆ."

ತಾತನಿಗೆ ಗುತ್ತಿಗೆದಾರ ಆಡಿದ್ದ ಮಾತೂ ಇದೇ ಅಲ್ಲವೇ! ಸಣ್ಣಬೀರಯ್ಯನ ಮನಸ್ಸು ಕಲ್ಲಾಯಿತು. "ಅಮ್ಮನಾಣೆ, ಒಂದೂ ಇಲ್ಲ" ಎಂದ. ಅವಳು ಉಸಿರು ಬಿಟ್ಟು, ಅಷ್ಟನ್ನೂ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಳು. ಕೊಪ್ಪಲಿನ ಉಳಿದವರೂ ಅದನ್ನೇ ಹೇಳಿ ಬರೆಸಿದರು.

ರಾತ್ರಿ ಉಣ್ಣುವಾಗ ಸಿದ್ದಲಿಂಗಮ್ಮ, "ಆ ಎಣ್ಮಗ ಮೋಸ ಮಾಡೋಳಂಗೆ ಕಾಣ್ನಿಲ್ಲ ಕಣ್ರೀ. ಯೋಳ್ಬುಡ್ಬೋದಾಗಿತ್ತು" ಎಂದಳು.

"ಸುಮ್ಕಿರಮ್ಮಿ. ನಮ್ತಾತುನ್ ತಾವ್ಲೂವೆ ಅವ್ನು ಇಂಗೇ ನಗ್ತಾ ನಗ್ತಾ ಬಂದಿದ್ದ" ಎಂದು ಗೆದ್ದವನಂತೆ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ಮಡುವಿನ ಬಂಡೆಯ ಮೇಲೆ ಕೆಂಪು ಬಾವುಟ ನೆಟ್ಟರು. ಆಮೇಲೆ ಬಂಡೆ ಕೊರೆಯುವ ಯಂತ್ರ ಬಂತು. ಬೆಳಿಗ್ಗೆಯಿಂದ ಸಂಜೆವರೆಗೆ ಅದು ಬಂಡೆಯನ್ನು ಕುಟ್ಟಿತು. ಮೊದಲ ದಿನ ಪುರಿ ಹಿಡಿದು ನೀರಿಗಿಳಿದ ಸಣ್ಣಬೀರಯ್ಯನ ಕಾಲಿಗೆ ಒಂದು ಮೀನೂ ತಾಗಲಿಲ್ಲ. ಎರಡನೆಯ ದಿನವೂ ಇಲ್ಲ. ಪೊಟರೆಯಲ್ಲಿ ಅವು ಉಸಿರು ಬಿಗಿಹಿಡಿದು ಕೂತಿವೆಯೆಂದು ಅವನಿಗೆ ಗೊತ್ತಿತ್ತು. ಕೂರಲು ಕಲಿಸಿದವರೇ ಅವನ ಮನೆಯವರು.

ಜನರ ಅಹವಾಲು ಕೇಳಲು ಮಿರ್ಲೆಯಲ್ಲಿ ಸಭೆ ಕರೆದರು. ಸಣ್ಣಬೀರಯ್ಯ ಒಗೆದ ಪಂಚೆಯುಟ್ಟು ಹೋದ. ಅಷ್ಟು ಜನರ ನಡುವೆ ಎದ್ದು ನಿಂತ.

"ಸ್ವಾಮಿ, ಆ ಮಡುವ್ನಲ್ಲಿ ಬಿಳಿಮೀನವೆ. ನಲವತ್ತವೆ. ಬಾವೀನ ಕೆಳುಕ್ಕೆ ತಕ್ಕೊಂಡೋಗಿ."

ಕನ್ನಡಕದ ಸಾಹೇಬರೊಬ್ಬರು ಕಡತ ತಿರುವಿ ಹೆಸರು ಕೇಳಿದರು. ಹೇಳಿದ. ಸಾಹೇಬರು ತಣ್ಣಗೆ ನಕ್ಕು ಓದಿದರು: "ತಲೆತಲಾಂತರದಿಂದ ಮಡುವಿನ ಪೂಜೆ ಮಾಡುತ್ತಿರುವ ಸಣ್ಣಬೀರಯ್ಯನವರು, ಅಲ್ಲಿ ಬಿಳಿಮೀನು ಒಂದೂ ಇಲ್ಲವೆಂದು ದೇವರ ಮೇಲೆ ಪ್ರಮಾಣ ಮಾಡಿ ತಿಳಿಸಿದ್ದಾರೆ." ಹಾಳೆಯನ್ನು ಇವನ ಕಡೆ ತಿರುಗಿಸಿದರು. "ಇದು ನಿಮ್ಮದೇ ಹೆಬ್ಬೆಟ್ಟಲ್ಲವೇನ್ರೀ?"

"ನಂದೇ. ಆವಾಗ ಸುಳ್ಳ್ ಯೋಳ್ದೆ."

ಸಭೆ ಗೊಳ್ಳೆಂದು ನಕ್ಕಿತು. ಕೊಪ್ಪಲಿನ ಪುಟ್ಟಸ್ವಾಮಿ ಎದ್ದು, "ಆವಯ್ಯ ಯೋಳ್ತಿರೋದು ದಿಟ ಕಣ್ರೀ, ನಾವೆಲ್ಲಾ ನೋಡಿದ್ದೀವಿ" ಅಂದ. "ಎರಡು ವರ್ಷದ ಹಿಂದೆ ನೀವೂ ಇಲ್ಲ ಅಂದಿದ್ದೀರಿ, ಅದೂ ಇಲ್ಲಿದೆ" ಎಂದು ಸಾಹೇಬರು ಇನ್ನೊಂದು ಹಾಳೆ ತೋರಿಸಿದರು. ಇಡೀ ಊರೇ ಹೇಳಿದ್ದ ಸುಳ್ಳು ಕಡತದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಇಷ್ಟು ಚೆನ್ನಾಗಿ ಆ ಊರಿನ ಯಾವ ನಿಜವನ್ನೂ ಸರ್ಕಾರ ಕಾಪಾಡಿದ್ದಿಲ್ಲ.

ಆದರೂ ಸಾಹೇಬರು ಕೆಟ್ಟವರಲ್ಲ. "ಬುಧವಾರ ನಾನೇ ಬರ್ತೀನಿ. ಒಂದೇ ಒಂದು ಮೀನು ತೋರಿಸಿ, ಕೆಲಸ ನಿಲ್ಲಿಸ್ತೀನಿ" ಎಂದರು.

ಬುಧವಾರ ಬೆಳಿಗ್ಗೆ ಯಂತ್ರ ನಿಲ್ಲಿಸಿದರು. ಸಾಹೇಬರು, ನಾಲ್ಕು ಜನ ಎಂಜಿನಿಯರುಗಳು, ಹಿಂದೆ ಊರಿಗೆ ಊರೇ ದಂಡೆಯಲ್ಲಿ ನಿಂತಿತು. ಸಣ್ಣಬೀರಯ್ಯ ಕೋಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ನೀರಿಗಿಳಿದು ಪುರಿ ಎರಚಿ "ಬನ್ರವ್ವಾ" ಎಂದ. ಬೆಲ್ಲದುಂಡೆ ಎಸೆದ. ಸಿದ್ದಲಿಂಗಮ್ಮ ಅಕ್ಕಿ ಬೇಯಿಸಿ ತಂದಿದ್ದಳು, ಅದನ್ನೂ ಚೆಲ್ಲಿದ. ನೀರು ಅಲುಗಲಿಲ್ಲ. ದಂಡೆಯ ಮೇಲೆ ಸಾಹೇಬರ ಬೂಟುಗಳು ಅತ್ತಿಂದಿತ್ತ ಟಕಟಕ ಎನ್ನುತ್ತಿದ್ದವು.

"ಸ್ವಾಮಿ, ಬೂಟು ಬಿಚ್ಚಿ. ಆ ಸದ್ದಿಗೆ ಎದ್ರುಕೊತವೆ."

"ಆಯ್ತಪ್ಪ, ಅದೂ ಆಗ್ಲಿ" ಎಂದು ಅವರು ಬಿಚ್ಚಿದರು. ಒಂದು ಗಂಟೆ ಕಾದರು. ಸಣ್ಣಬೀರಯ್ಯ ಎದೆಮಟ್ಟ ನೀರಿನಲ್ಲಿ ನಿಂತು, ನಾಚಿಕೆ ಬಿಟ್ಟು ಗೋಗರೆದ. "ಬನ್ರವ್ವಾ, ಇದೊಂದ್ ದಪ ಬನ್ರವ್ವಾ, ಇವ್ರು ಒಳ್ಳೇವ್ರು." ಪುರಿಯೆಲ್ಲ ನೆನೆದು, ಮುದ್ದೆಯಾಗಿ, ಕೆಳಗಿನ ಹರಿವಿಗೆ ಸೇರಿಕೊಂಡು ಹೋಯಿತು. ಸಾಹೇಬರು ಬೂಟು ಹಾಕಿಕೊಂಡು ಜೀಪು ಹತ್ತಿದರು.

ಬಂಡೆ ಒಳಗೆ ಎಷ್ಟು ಗಟ್ಟಿಯಿದೆಯೆಂದು ನೋಡಲು ಶುಕ್ರವಾರ ಮದ್ದು ಸಿಡಿಸಿದರು. ಹೊಳೆಯೇ ಒಂದು ಸಲ ಮೇಲೆದ್ದು ಬಿದ್ದಂತಾಯಿತು. ಕೆಸರು ತಿಳಿಯಾಗುವ ಮೊದಲೇ ಅವು ಒಂದೊಂದಾಗಿ ಮೇಲೆ ಬಂದವು. ಬಿಳಿ ಹೊಟ್ಟೆ ಮೇಲಾಗಿ, ಕಿತ್ತಳೆ ರೆಕ್ಕೆ ಹರಡಿಕೊಂಡು, ಕರೆಯದೆಯೇ ಬಂದವು. ಪೊಟರೆಯಲ್ಲಿ ಎಲ್ಲವೂ ಒಟ್ಟಿಗೇ ಕೂತಿದ್ದರಿಂದ ಒಂದೂ ತಪ್ಪಿಸಿಕೊಳ್ಳಲಿಲ್ಲ. ಸಣ್ಣಬೀರಯ್ಯ ನೀರಿಗೆ ಬಿದ್ದು ಒಂದೊಂದನ್ನೇ ತಬ್ಬಿ ದಂಡೆಗೆ ತಂದ. ಹದಿನೇಳನೆಯದನ್ನು ತಂದು ಹಾಕಿ ಅಲ್ಲೇ ಕುಸಿದು, ಎದೆ ಬಡಿದುಕೊಂಡು ಅತ್ತ. ಉಳಿದವನ್ನು ಊರಿನವರು ತಂದು ಗುಡಿಯ ಹಿಂದೆ ಗುಣಿ ತೋಡಿ ಹೂತರು. ಅಂದು ಕೊಪ್ಪಲಿನಲ್ಲಿ ಯಾವ ಮನೆಯಲ್ಲೂ ಒಲೆ ಹಚ್ಚಲಿಲ್ಲ. ಸಣ್ಣಬೀರಯ್ಯ ಮನೆಗೆ ಹೋಗಿ ಆ ಕೋಲನ್ನು ನಾಲ್ಕು ತುಂಡು ಮಾಡಿ ಒಲೆಯೊಳಗೆ ತುರುಕಿದ. ಬೆಂಕಿ ಇರಲಿಲ್ಲ. ಅದು ಹಾಗೇ ಬಿದ್ದಿತ್ತು.

ಇಷ್ಟಾದ ಮೇಲೆ ಬಂಡೆ ಗಟ್ಟಿಯಿಲ್ಲವೆಂದು ಗೊತ್ತಾಯಿತು. ಬಾವಿ ನಿಲ್ಲುವುದಿಲ್ಲವಂತೆ. ಯಂತ್ರ, ಬಾವುಟ ಕಿತ್ತುಕೊಂಡು ಹೋದರು. ಸ್ಥಾವರದ ಮಾತೂ ಆ ಕಡೆ ಮತ್ತೆ ಕೇಳಲಿಲ್ಲ.

ಮೂರು ತಿಂಗಳು ಕಳೆದು ಪ್ರಮೀಳಾ ಬಂದಳು. ಸುದ್ದಿ ಅವಳಿಗೆ ತಡವಾಗಿ ತಿಳಿದಿತ್ತು. ಗುಡಿಯ ಹಿಂದಿನ ಮಣ್ಣುಗುಡ್ಡೆಯ ಮುಂದೆ ಚಪ್ಪಲಿ ಬಿಟ್ಟು ತುಂಬ ಹೊತ್ತು ನಿಂತಳು. ಬೈಯುತ್ತಾಳೆಂದು ಸಣ್ಣಬೀರಯ್ಯ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯದೆ, ಚೀಲದಿಂದ ಹಾಳೆ ತೆಗೆದಳು. ಕಡತ ಮುಚ್ಚಲು ಮತ್ತೊಂದು ಸಲ ಕೇಳಿ ಬರೆಯಬೇಕಿತ್ತು.

"ಯಜಮಾನ್ರೇ, ಮಡುವಿನಲ್ಲಿ ಒಂದಾದ್ರೂ ಬಿಳಿಮೀನು ಉಳಿದಿದೆಯಾ?"

ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಪುರಿ ಹಿಡಿದು ನೀರಿನಲ್ಲಿ ನಿಂತು ಬರುತ್ತಿದ್ದವನು, "ಇಲ್ಲ ತಾಯಿ" ಎಂದ.

ಅವಳು ಬರೆಯಲಿಲ್ಲ. ಅವತ್ತಿನ ಹಾಗೆಯೇ ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ಆಸೆ ಮೂಡಿದ್ದು ಸಣ್ಣಬೀರಯ್ಯನಿಗೆ ಕಂಡಿತು. ಈ ಮುದುಕ ಈಗಲೂ ಸುಳ್ಳು ಹೇಳುತ್ತಿರಬಾರದೇಕೆ ಎಂದು ಅವಳು ಕಾಯುತ್ತಿದ್ದಳು.

"ದಿಟ್ವಾಗೂ ಇಲ್ಲ ಕಣವ್ವ" ಎಂದು, ಅವನು ಹೆಬ್ಬೆಟ್ಟು ಮುಂದೆ ಚಾಚಿದ.