ದನಿಯ ವಂಶಾವಳಿ

ನಿಘಂಟಿನ ಕಚೇರಿಯಲ್ಲಿ ಅವಳನ್ನು ಎಲ್ಲರೂ ‘ಬೇರಮ್ಮ’ ಎನ್ನುತ್ತಿದ್ದರು. ಯಾವ ಮಾತು ಸಿಕ್ಕರೂ ಬುಡ ಕೆದಕದೆ ಬಿಡುವವಳಲ್ಲ. ಈ ಸಲ ಸಿಕ್ಕಿದ್ದು ‘ದನಿ’ ಎಂಬ ಅರ್ಥದ ಮಾತು. ಸಂಸ್ಕೃತವೂ ಪಾರಸಿಯೂ ಇನ್ನೂ ಬೇರೆ ಮನೆ ಮಾಡದಿದ್ದ ಕಾಲದ್ದು. ಆಡಿದವರು ಬರೆದಿಡಲಿಲ್ಲ. ಸಂಸ್ಕೃತದ ‘ವಾಕ್’, ಹಳೆಯ ಇರಾನಿನ ಅವೆಸ್ತಾದ ‘ವಾಖ್‌ಶ್’, ಪಾರಸಿಯ ‘ಆವಾಜ್’ ಎಂಬ ಮಕ್ಕಳು ಮೊಮ್ಮಕ್ಕಳ ಮುಖ ನೋಡಿ ಹೆತ್ತವಳನ್ನು ಊಹಿಸಬೇಕು. ಜಗಳಕ್ಕೆ ನಿಂತಾಗ ನಾವು ಹಾಕುವ ಆವಾಜೂ ಅದೇ ಮನೆತನದ್ದು ಎಂದರೆ ಯಾರು ನಂಬುತ್ತಾರೆ! ಬೇರಮ್ಮ ‘ವಾಕ್‌ಶ್’ ಎಂದು ಆ ಹೆತ್ತವಳನ್ನು ಕಟ್ಟಿ ನಿಲ್ಲಿಸಿದಳು.

ಆಮೇಲೆ ಕರಡು ತಿದ್ದುವ ಕೆಲಸ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲಪ್ರತಿಯ ಮೇಲೆ ಬೆರಳಾಡಿಸುತ್ತಾ ಕೇಳಬೇಕು. ಓದುತ್ತಿದ್ದವನು ಅವಳ ಗಂಡ. ಅವನು ತೀರಿಹೋಗಿ ವರ್ಷಗಳಾದವು. ಕಣ್ಣು ಮುಚ್ಚಿದರೆ ಮುಖ ಬರುತ್ತದೆ, ದನಿ ಮಾತ್ರ ಬರುವುದಿಲ್ಲ. ಈಗಿರುವ ಯಾರೂ ಕೇಳದ ಮಾತನ್ನು ಎಬ್ಬಿಸಿ ಕೂರಿಸಿದವಳಿಗೆ ದಿನಾ ಕೇಳಿದ ದನಿ ಕೈಕೊಟ್ಟಿತ್ತು. ಒಂದೇ ಒಂದು ಸಲ ಕೇಳಬೇಕು ಎಂದು ಜೀವ ಹಾತೊರೆಯುತ್ತಿತ್ತು.

ಕೊನೆಗೆ ಕಸುಬಿನ ದಾರಿಯನ್ನೇ ಹಿಡಿದಳು: ಬಂಧುಗಳಿಂದ ಮೂಲಕ್ಕೆ. ಕರಡಿನ ಹಾಳೆಯ ಫೋಟೋ ಕಳಿಸಿ ಮೈದುನನಿಂದ ಫೋನಿನಲ್ಲಿ ಓದಿಸಿದಳು.

“ಅತ್ತಿಗೆ, ಇದೇನು ಪರೀಕ್ಷೇನಾ? ಒಂದಕ್ಷರ ತಲೆಗೆ ಹೋಗ್ತಿಲ್ಲ,” ಎಂದ ಅವನು. ದನಿಯ ಒರಟು ಅಣ್ಣನದೇ, ಗಡಿಬಿಡಿ ಅವನದು.

ಸಂಜೆ ಮಗಳಿಂದ ಓದಿಸಿದಳು. ಸಾಲಿನ ಕೊನೆ ಎಳೆಯುವುದು ಅಪ್ಪನ ಹಾಗೆ, ಗಂಟಲು ಅಜ್ಜಿಯದು. ಎರಡನ್ನೂ ಮನಸ್ಸಿನಲ್ಲಿ ಸೇರಿಸಿದರೆ ಯಾರೋ ಗುರುತಿಲ್ಲದವನು ಬಂದು ನಿಂತ.

“ಸಾಕು ಬಿಡು. ನೀನು ಮೂಲ ನೋಡು,” ಎಂದು ಹಾಳೆ ಕಿತ್ತುಕೊಂಡು ತಾನೇ ಓದತೊಡಗಿದಳು. ಕೆಲಸವಾದರೂ ಮುಗಿಯಲಿ. ಸ್ವಲ್ಪದರಲ್ಲೇ ಮಗಳ ಬೆರಳು ನಿಂತುಬಿಟ್ಟಿತು.

“ಏನೇ, ತಪ್ಪು ಸಿಕ್ತಾ?”

“ಇಲ್ಲಮ್ಮ. ಅಪ್ಪ ಓದ್ತಿದ್ದಿದ್ದು ಹೀಗೇ ಅಲ್ವಾ? ನಡುನಡುವೆ ಉಸಿರೆಳ್ಕೊಳ್ಳೋದು, ಕಷ್ಟದ ಪದ ಬಂದ್ರೆ ಒಳಗೊಳಗೇ ನಗೋದು...”

ಬೇರಮ್ಮ ತಬ್ಬಿಬ್ಬಾದಳು. ಮೂಲ ಹುಡುಕುವಾಗ ಎರವಲು ಬಂದ ಪದವನ್ನು ಸಾಕ್ಷಿಗೆ ಕರೆಯಬಾರದು, ವಂಶದವರೇ ಬೇಕು ಎಂದು ಹೊಸಬರಿಗೆ ಪಾಠ ಹೇಳುವವಳೇ ಅವಳು. ಹೊರಗಿನಿಂದ ಬಂದ ಹೆಂಡತಿಯೆಂದು ತನ್ನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮತ್ತೆ ಒಂದೆರಡು ಸಾಲು ಓದಿ, ಅವನನ್ನು ಕೇಳಿಸಿಕೊಳ್ಳಲು ನಿಲ್ಲಿಸಿದಳು. ನಿಲ್ಲಿಸಿದರೆ ಏನಿದೆ, ಬರೀ ಕೋಣೆ.

ಮಗಳು ಕಣ್ಣು ಮುಚ್ಚಿ ಕೂತಿದ್ದಳು.

“ನಿಲ್ಲಿಸ್ಬೇಡಮ್ಮಾ. ಇನ್ನೊಂದು ಪುಟ.”

ಅವಳು ಓದಿದಳು. ತನಗೆ ಕೇಳಿಸದ ಗಂಡ ಮಗಳಿಗೆ ಕೇಳಿಸುತ್ತಿದ್ದ.